ಬಯೋಚಾರ್ ಹಾಕಿದ ಪಾತಿಯಲ್ಲಿ ಬೆಂಡೆ ಹಳದಿ: ಇದ್ದಿಲು ಕೆಟ್ಟಿತೋ, ಹಾಕಿದ್ದು ತಪ್ಪೋ?

ಕೆಮ್ಮಣ್ಣು:
ಸಾಗರದ ಕಡೆಯ ಕೆಂಪು ಮಣ್ಣು, ಪಿಎಚ್ 5.4, ಅಂದರೆ ಹುಳಿ (ಆಮ್ಲೀಯ) ಮಣ್ಣು. 200 ಲೀಟರ್ ಡ್ರಮ್ಮಿನ ತಳಕ್ಕೆ ತೂತು ಹೊಡೆದು, ತೆಂಗಿನ ಕರಟ ಮತ್ತು ಅಡಿಕೆ ಸಿಪ್ಪೆ ಒಟ್ಟಿಗೇ ತುಂಬಿ, ಕೆಳಗಿನಿಂದ ಬೆಂಕಿ ಕೊಟ್ಟು ಬಯೋಚಾರ್ (ಮಣ್ಣಿಗೆ ಬೆರೆಸುವ ಇದ್ದಿಲು) ಮಾಡಿದ್ದು. ಹೊಗೆ ವಿಪರೀತ ಬಂತು. ಕರಟ ಕಪ್ಪಾಗಿದೆ, ಸಿಪ್ಪೆ ಮಾತ್ರ ಒಳಗೆ ಅಲ್ಲಲ್ಲಿ ಕಂದು. ಪುಡಿ ಮಾಡಿ 4×8 ಅಡಿ ಪಾತಿಗೆ 15 ಲೀಟರಿನ ಎರಡು ಬಕೆಟ್ ಬೆರೆಸಿದೆ, ಗೊಬ್ಬರ ಹಾಕಿಲ್ಲ. ಮೂರು ವಾರಕ್ಕೆ ಬೆಂಡೆಯ ಕೆಳಗಿನ ಎಲೆಗಳು ಹಳದಿ. ಪಕ್ಕದ ಪಾತಿಯಲ್ಲಿ ಅದೇ ಬೀಜ, ಗಿಡ ಹಸಿರಾಗಿದೆ. ಇದ್ದಿಲನ್ನು ಹೊರಗೆ ತೆಗೆಯಬೇಕೇ?

ಕರಟ_ಕೆಂಡ:
ತೆಗೆಯಬೇಡಿ. ಪ್ರಮಾಣ ಅತಿಯಾಗಿಲ್ಲ. 32 ಚದರ ಅಡಿ, ಅರ್ಧ ಅಡಿ ಆಳ ಅಂದರೆ ಸುಮಾರು 450 ಲೀಟರ್ ಮಣ್ಣು. ಅದಕ್ಕೆ 30 ಲೀಟರ್ ಇದ್ದಿಲು ಅಂದರೆ ಶೇ. 6–7. ಶೇ. 5ರಿಂದ 10 ನಡೆಯುತ್ತದೆ.

ಹಳದಿ ಹಳೆಯ ಎಲೆಯಿಂದ ಶುರುವಾಗಿರುವುದೇ ಕಾರಣ ಹೇಳುತ್ತಿದೆ: ಸಾರಜನಕದ ಕೊರತೆ. ಬೂದಿಯ ಕ್ಷಾರದಿಂದ ಕಬ್ಬಿಣ ಸಿಗದೆ ಹೋಗಿದ್ದರೆ ಎಳೆ ಎಲೆ ಹಳದಿಯಾಗಿ ನರ ಹಸಿರಾಗಿ ಉಳಿಯುತ್ತಿತ್ತು. ಖಾಲಿ ಇದ್ದಿಲಿನ ರಂಧ್ರಗಳು ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಂದು ಉಳಿದ ಸಿಪ್ಪೆ ಇನ್ನೂ ಅರ್ಧ ಸೌದೆಯೇ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳೂ ಗಿಡದ ಪಾಲಿಗೇ ಕೈ ಹಾಕುತ್ತವೆ. ನಿಮ್ಮಲ್ಲಿ ಎರಡೂ ಸೇರಿವೆ.

ಈಗಿನ ಉಪಾಯ: ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು, ಗಿಡಕ್ಕೆ ಒಂದು ಲೀಟರ್, ಹತ್ತು ದಿನಕ್ಕೊಮ್ಮೆ. ಗೋಮೂತ್ರ ಇಲ್ಲದಿದ್ದರೆ ಒಂದು ಕೆಜಿ ಕಡಲೆಕಾಯಿ ಹಿಂಡಿಯನ್ನು 10 ಲೀಟರ್ ನೀರಿನಲ್ಲಿ ನಾಲ್ಕು ದಿನ ಕೊಳೆಸಿ, ಅದೇ ಅಳತೆಯಲ್ಲಿ ತೆಳು ಮಾಡಿ ಕೊಡಿ. ಹಳದಿಯಾದ ಎಲೆ ಮರಳಿ ಹಸಿರಾಗುವುದು ಕಡಿಮೆ, ಹೊಸ ಚಿಗುರು ನೋಡಿ ನಿರ್ಧರಿಸಿ.

ಗುಂಡಿ_ಒಲೆ:
ಸುಡುವ ಕ್ರಮವನ್ನೇ ಬದಲಿಸಿ. ಬೆಂಕಿ ಮೇಲಿನಿಂದ ಹಾಕಬೇಕು. ಕೆಳಗಿನಿಂದ ಹಾಕಿದರೆ ಮೇಲಿನ ಸೌದೆ ಬಿಡುವ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ, ಡಾಂಬರಿನಂಥ ಜಿಡ್ಡು ಇದ್ದಿಲಿಗೇ ಮೆತ್ತುತ್ತದೆ.

ಡ್ರಮ್ಮಿಗಿಂತ ಗುಂಡಿ ಸುಲಭ. ಬಾಯಿ 4 ಅಡಿ, ತಳ 2 ಅಡಿ, ಆಳ ಎರಡೂವರೆ ಅಡಿ, ಗೋಡೆ ಇಳಿಜಾರು. ತಳದಲ್ಲಿ ಸಣ್ಣ ಕಡ್ಡಿ ಪೇರಿಸಿ ತುದಿಗೆ ಬೆಂಕಿ ಕೊಡಿ. ಕೆಂಡದ ಮೈಮೇಲೆ ಬೂದಿಯ ತೆಳು ಬಿಳಿ ಪೊರೆ ಕಾಣಿಸಿದ ಕ್ಷಣ ಮುಂದಿನ ಪದರ ಹಾಕಿ. ಬೇಗ ಹಾಕಿದರೆ ಹೊಗೆ, ತಡವಾದರೆ ಇದ್ದಿಲೆಲ್ಲ ಬೂದಿ. ಮೇಲಿನ ಜ್ವಾಲೆ ಗಾಳಿಯ ಆಮ್ಲಜನಕವನ್ನೆಲ್ಲ ತಾನೇ ಬಳಸುವುದರಿಂದ ಕೆಳಗಿನದು ಉರಿಯದೆ ಇದ್ದಿಲಾಗಿ ಉಳಿಯುತ್ತದೆ. ಕಡ್ಡಿ ಮುರಿದಾಗ ‘ಚಟ್’ ಅನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಕರಟ, ಸಿಪ್ಪೆ ಒಟ್ಟಿಗೆ ಬೇಡ. ಸಿಪ್ಪೆ ಬೇಗ ಉರಿದು ಬೂದಿಯಾಗುತ್ತದೆ, ಇಲ್ಲವೇ ಒತ್ತಾಗಿ ಕೂತು ಒಳಗೆ ಗಾಳಿಯೂ ಕಾವೂ ಹೋಗದೆ ಕಂದು ಉಳಿಯುತ್ತದೆ.

ಆರಿಸಲು 200 ಲೀಟರ್ ನೀರು ಮೊದಲೇ ತುಂಬಿಡಿ. ಅಂಚಿನಿಂದ ಸುರಿಯಿರಿ, ನಡುವೆ ಸುರಿದರೆ ಆವಿ ಮುಖಕ್ಕೆ ಹೊಡೆಯುತ್ತದೆ. ಆಮೇಲೆ ಸನಿಕೆಯಿಂದ ತಳದವರೆಗೆ ತಿರುವಿ ಮತ್ತೊಮ್ಮೆ ನೀರು ಹಾಕಿ. ಒಂದೇ ಕೆಂಡ ಉಳಿದರೂ ರಾತ್ರಿಯೊಳಗೆ ಗುಂಡಿ ಪೂರ್ತಿ ಬೂದಿಯಾಗಬಹುದು. ಮೂಟೆ ಕಟ್ಟಿದ್ದರಂತೂ ಮನೆಗೇ ಅಪಾಯ.

ಪರೀಕ್ಷೆ ಸರಳ. ತುಂಡನ್ನು ಅಂಗೈಗೆ ಉಜ್ಜಿ ಬರೀ ನೀರಲ್ಲಿ ತೊಳೆಯಿರಿ. ಕಪ್ಪು ಹೋದರೆ ಸರಿಯಾಗಿ ಬೆಂದಿದೆ, ಜಿಡ್ಡಾಗಿ ಸೋಪು ಬೇಕಾದರೆ ಬೆಂದಿಲ್ಲ. ಬಣ್ಣ ಬಳಿದ ಮರ, ಪ್ಲೈವುಡ್ ಹತ್ತಿರವೂ ತರಬೇಡಿ.

ಕೊಟ್ಟಿಗೆ_ಗೊಬ್ಬರ:
ಸುಡುವುದು ಅರ್ಧ ಕೆಲಸ. ಅಮೆಜಾನಿನ ಹೆಸರಾಂತ ಕಪ್ಪು ಮಣ್ಣು ಬರೀ ಇದ್ದಿಲಿನಿಂದ ಆದದ್ದಲ್ಲ. ಅಡುಗೆಯ ಕಸ, ಮೀನಿನ ಮೂಳೆ, ಮಲಮೂತ್ರ ಎಲ್ಲ ಅದರ ಜೊತೆ ಸೇರಿದ್ದವು.

ಮಲೆನಾಡಿನಲ್ಲಿ ಕೊಟ್ಟಿಗೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೊಂದಿಲ್ಲ. ದನದ ಕಾಲಡಿಗೆ ಸೊಪ್ಪು, ತರಗೆಲೆ ಹಾಸುವಾಗ ಒದ್ದೆ ಇದ್ದಿಲಿನ ಪುಡಿಯನ್ನೂ ಒಂದೆರಡು ಬೊಗಸೆ ಉದುರಿಸಿ. ಗಂಜಲ ಹೀರಿಕೊಳ್ಳುತ್ತದೆ, ಅಮೋನಿಯಾ ವಾಸನೆ ತಗ್ಗುತ್ತದೆ. ಅದನ್ನೇ ಗೊಬ್ಬರದ ಗುಂಡಿಗೆ ಎಳೆದರೆ ಎರಡು ಮೂರು ತಿಂಗಳಲ್ಲಿ ಇದ್ದಿಲೂ ಗೊಬ್ಬರವೂ ಒಟ್ಟಿಗೆ ಸಿದ್ಧ. ಗೊಬ್ಬರದ ರಾಶಿಗೆ ನೇರ ಹಾಕುವುದಾದರೆ ಹತ್ತು ಬುಟ್ಟಿಗೆ ಒಂದು ಬುಟ್ಟಿ. ಅವಸರವಿದ್ದರೆ ತೆಳು ಗೋಮೂತ್ರದಲ್ಲಿ ಎರಡು ವಾರ ನೆನೆಸಿ. ಪುಡಿ ಮಾಡುವುದು ಒದ್ದೆ ಇರುವಾಗಲೇ, ಗೋಣಿಚೀಲದಲ್ಲಿ ಹಾಕಿ ತುಳಿದು ಕಡಲೆಕಾಳಿನ ಗಾತ್ರಕ್ಕೆ. ಒಣ ಪುಡಿಯ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಎರೆ_ಹೊಲ:
ಧಾರವಾಡದ ಎರೆಮಣ್ಣು, ಪಿಎಚ್ 8.2, ಅಂದರೆ ಕ್ಷಾರೀಯ. ಇಲ್ಲಿಗೂ ಇದೇ ಅಳತೆಯೇ?

ಕರಟ_ಕೆಂಡ:
ಅಲ್ಲ. 5.4ರ ಮಣ್ಣಿಗೆ ಬೂದಿಯ ಕ್ಷಾರ ವರ, 8.2ಕ್ಕೆ ಹೊರೆ. ಇದ್ದಿಲನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ, ಹೀಗೆ ಎರಡು ಸಲ. ಆಮೇಲೂ ಒಂದು ಪಾಲು ಇದ್ದಿಲು, ಐದು ಪಾಲು ನೀರು ಕಲಸಿ ಅರ್ಧ ಗಂಟೆ ಬಿಟ್ಟು ಪಿಎಚ್ ಪಟ್ಟಿ ಅದ್ದಿ ನೋಡಿ. 9 ದಾಟಿದರೆ ಹೊಲಕ್ಕೆ ಬೇಡ. ಎರೆಮಣ್ಣು ತಾನೇ ನೀರು, ಪೋಷಕಾಂಶ ಹಿಡಿಯುವುದರಿಂದ ಲಾಭವೂ ಕಡಿಮೆ. ಮೊದಲು ಒಂದೇ ಸಾಲಿಗೆ ಹಾಕಿ ನೋಡಿ.