ಭಕ್ತರ ಪ್ರಾರ್ಥನೆಯಲ್ಲಿ ಊರಿನ ಹೆಸರು ಹೇಳಬಾರದೇ? ರೊಮೆರೊ ಅವರ ಭಾನುವಾರಗಳ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ: ಸಕಲೇಶಪುರದ ಟೀಚರ್

ನಾನು ಸಕಲೇಶಪುರದ ಕಡೆಯ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಹನ್ನೊಂದು ವರ್ಷಗಳಿಂದ ಭಾನುವಾರದ ಬಲಿಪೂಜೆಗೆ, ಸಭೆಯೆಲ್ಲರ ಪರವಾಗಿ ಓದುವ ಭಕ್ತರ ಪ್ರಾರ್ಥನೆಗಳನ್ನು ಬರೆದುಕೊಡುವುದೂ ನನ್ನ ಪಾಲಿನ ಕೆಲಸ. ಶನಿವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಮೇಜಿನ ಮುಂದೆಯೇ ಕುಳಿತು ಐದು ಪ್ರಾರ್ಥನೆ ಬರೆಯುತ್ತೇನೆ.

ಕಳೆದ ತಿಂಗಳು ಅದರಲ್ಲಿ ಒಂದನ್ನು ಮಣಿಪುರದ ಪರಿಹಾರ ಶಿಬಿರಗಳಲ್ಲಿ ಇನ್ನೂ ಉಳಿದಿರುವ ಕುಕಿ ಮತ್ತು ಮೈತೇಯಿ ಕುಟುಂಬಗಳಿಗಾಗಿ ಬರೆದೆ. ಆಗ ಇಂಫಾಲದ ಮಹಾಧರ್ಮಾಧ್ಯಕ್ಷರಾಗಿದ್ದ (ಆರ್ಚ್‌ಬಿಷಪ್) ಡೊಮಿನಿಕ್ ಲುಮೊನ್ ಅವರು 2023ರ ಜೂನ್‌ನಲ್ಲಿ ಬರೆದಿದ್ದ ಪತ್ರವನ್ನು ಮತ್ತೆ ಓದಿದ್ದೆ. ಆ ಎರಡು ಸಮುದಾಯಗಳ ನಡುವಿನ ಹಿಂಸಾಚಾರದ ಮೊದಲ ಮೂವತ್ತಾರು ಗಂಟೆಗಳಲ್ಲೇ ಮೈತೇಯಿ ಕ್ರೈಸ್ತರ 249 ಚರ್ಚುಗಳು ನಾಶವಾದವು ಎಂದು ಅವರು ಅದರಲ್ಲಿ ಬರೆದಿದ್ದರು. ಆ ಸಂಖ್ಯೆಯನ್ನು ನಾನು ಪ್ರಾರ್ಥನೆಯಲ್ಲಿ ಸೇರಿಸಿರಲಿಲ್ಲ. ಊರಿನ ಹೆಸರು, ಎರಡೂ ಸಮುದಾಯಗಳ ಹೆಸರು, ಅಷ್ಟೇ.

ಬೆಳಿಗ್ಗೆ ಹಾಳೆ ಓದುಪೀಠ ಸೇರುವ ಹೊತ್ತಿಗೆ ಆ ಸಾಲಿನ ಮೇಲೆ ಪೆನ್ಸಿಲ್ ಗೆರೆ ಬಿದ್ದಿತ್ತು. ಬದಿಯಲ್ಲಿ ‘ಲೋಕದ ಶಾಂತಿಗಾಗಿ’ ಎಂದು ಬರೆದಿದ್ದರು. ಹಿರಿಯರೊಬ್ಬರು ಪೂಜೆ ಮುಗಿದ ಮೇಲೆ ನನ್ನನ್ನು ಕರೆದು ಸಮಾಧಾನದಿಂದಲೇ ಹೇಳಿದರು: ದೇವರಿಗೆ ಎಲ್ಲವೂ ಗೊತ್ತಿದೆ, ನಾವು ಹೆಸರು ಹಿಡಿದು ಹೇಳುವ ಅಗತ್ಯವೇನಿದೆ?

ಉತ್ತರ ಕೊಡಲು ನನಗಾಗಲಿಲ್ಲ. ಆದರೆ ಅಂದಿನಿಂದ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ನಮ್ಮ ಗುಡಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಕುಳಿತುಕೊಳ್ಳುತ್ತಾಳೆ. ಹತ್ತಿರದ ಹೋಂಸ್ಟೇ ಒಂದರಲ್ಲಿ ಕೆಲಸ, ಊರು ಮಣಿಪುರ. ಅವಳಿಗೆ ಕನ್ನಡ ಬಾರದು. ಆ ದಿನ ನಾನು ಬರೆದಿದ್ದ ಐದು ಪ್ರಾರ್ಥನೆಗಳಲ್ಲಿ ಅವಳಿಗೆ ಅರ್ಥವಾಗುತ್ತಿದ್ದುದು ಒಂದೇ ಪದ. ಆ ಪದಕ್ಕೇ ಗೆರೆ ಬಿತ್ತು.

ಮಾರ್ಚ್ 24ಕ್ಕೆ ಯುವಜನರಿಗೆ ಸಂತ ಆಸ್ಕರ್ ರೊಮೆರೊ ಅವರ ಬಗ್ಗೆ ಮಾತನಾಡಬೇಕಾಗಿದೆ. ಎಲ್ ಸಾಲ್ವಡಾರ್‌ನ ಆ ಮಹಾಧರ್ಮಾಧ್ಯಕ್ಷರು ಪ್ರತಿ ಭಾನುವಾರ ಪ್ರಬೋಧನೆಯಲ್ಲಿ (ಪೂಜೆಯ ಉಪದೇಶದಲ್ಲಿ) ಸತ್ತವರ, ಕಾಣೆಯಾದವರ ಹೆಸರುಗಳನ್ನೇ ಓದುತ್ತಿದ್ದರು ಎಂದು ಕೇಳಿದ್ದೇನೆ. ಅದು ಹೇಗೆ ನಡೆಯುತ್ತಿತ್ತು? ಯಾರೂ ಗೆರೆ ಎಳೆಯಲಿಲ್ಲವೇ?

ಉತ್ತರ 1: ಬೆಂಗಳೂರಿನ ಗ್ರಂಥಪಾಲಕ

ಸಹೋದರಿ, ಗೆರೆ ಎಳೆದವರು ಬಹಳ ಮಂದಿ ಇದ್ದರು. ನಾನು ಗುರುಮಠದಲ್ಲಿ (ಪಾದ್ರಿಗಳ ತರಬೇತಿ ಶಾಲೆಯಲ್ಲಿ) ನಾಲ್ಕು ವರ್ಷ ಓದಿ ಹೊರಬಂದವನು. ರೊಮೆರೊ ಅವರ ಪ್ರಬೋಧನೆಗಳನ್ನು ಅಂದಿನಿಂದಲೂ ಓದುತ್ತಿದ್ದೇನೆ. ತಿಳಿದಷ್ಟನ್ನು ಬರೆಯುತ್ತೇನೆ.

ಅವರು ಮೊದಲಿನಿಂದಲೂ ಹಾಗೆ ಇದ್ದವರಲ್ಲ. 1977ರ ಫೆಬ್ರುವರಿಯಲ್ಲಿ ಸಾನ್ ಸಾಲ್ವಡಾರ್‌ನ ಪೀಠಕ್ಕೆ ಬಂದಾಗ ಸಿರಿವಂತರು ಸಮಾಧಾನಪಟ್ಟರು, ಹಳ್ಳಿಗಳಲ್ಲಿ ದುಡಿಯುತ್ತಿದ್ದ ಗುರುಗಳು ನಿರಾಶರಾದರು. ಪುಸ್ತಕದ ಮನುಷ್ಯ, ಗಲಾಟೆಗೆ ಹೋಗದವರು ಎಂಬ ಹೆಸರಿತ್ತು. ಮಾರ್ಚ್ 12ರಂದು ಅವರ ಗೆಳೆಯ, ಯೇಸುಸಭೆಯ ಗುರು ರುಟಿಲಿಯೊ ಗ್ರಾಂಡೆ ಅವರನ್ನು ಎಲ್ ಪೈಸ್ನಾಲ್ ಎಂಬ ಹಳ್ಳಿಗೆ ಪೂಜೆಗೆ ಹೋಗುವ ದಾರಿಯಲ್ಲಿ ಗುಂಡಿಟ್ಟು ಕೊಂದರು. ಜೊತೆಯಲ್ಲಿದ್ದ ವೃದ್ಧ ಮಾನುಯೆಲ್ ಸೊಲೊರ್ಸಾನೊ, ಹದಿಹರೆಯದ ನೆಲ್ಸನ್ ಲೆಮುಸ್ ಕೂಡ ಸತ್ತರು. ಮುಂದಿನ ಭಾನುವಾರ ರೊಮೆರೊ ಅವರು ಇಡೀ ಧರ್ಮಪ್ರಾಂತದಲ್ಲಿ ಬೇರೆಲ್ಲ ಪೂಜೆಗಳನ್ನು ನಿಲ್ಲಿಸಿ ಪ್ರಧಾನಾಲಯದಲ್ಲಿ ಒಂದೇ ಒಂದು ಬಲಿಪೂಜೆ ಅರ್ಪಿಸಿದರು.

ಆಮೇಲೆ ಅವರ ಭಾನುವಾರಗಳಿಗೆ ಒಂದು ಕ್ರಮ ಬಂತು. ಮೊದಲು ದಿನದ ವಾಚನಗಳ ವಿವರಣೆ. ಅದೇ ದೀರ್ಘವಾಗಿರುತ್ತಿತ್ತು, ಒಟ್ಟು ಪ್ರಬೋಧನೆ ಒಂದು ಗಂಟೆ ಮೀರುವುದು ಸಾಮಾನ್ಯವಾಗಿತ್ತು. ನಂತರ ಧರ್ಮಸಭೆಯ ಸುದ್ದಿ. ಕೊನೆಗೆ ಆ ವಾರ ದೇಶದಲ್ಲಿ ನಡೆದದ್ದು: ಯಾವ ಊರು, ಯಾವ ದಿನ, ಯಾರನ್ನು ಹಿಡಿದೊಯ್ದರು, ಯಾರ ಹೆಣ ಸಿಕ್ಕಿತು. ಧರ್ಮಪ್ರಾಂತದ ಕಾನೂನು ನೆರವು ಕಚೇರಿಯಲ್ಲಿ ತಾಯಂದಿರು ಬಂದು ಕೊಟ್ಟ ದೂರುಗಳನ್ನು ದಾಖಲಿಸಿಕೊಳ್ಳುತ್ತಿದ್ದರು. ಬಾಯಿಗೆ ಬಂದದ್ದನ್ನು ಅವರು ಹೇಳುತ್ತಿರಲಿಲ್ಲ ಎಂಬುದನ್ನು ನಿಮ್ಮ ಯುವಜನರಿಗೆ ಒತ್ತಿ ಹೇಳಿ. ಧರ್ಮಸಭೆಯ ವೈಎಸ್‌ಎಎಕ್ಸ್ ರೇಡಿಯೊ ಅದನ್ನೆಲ್ಲ ಪ್ರಸಾರ ಮಾಡುತ್ತಿತ್ತು. ಪತ್ರಿಕೆಗಳು ಅಚ್ಚು ಹಾಕದ ಹೆಸರುಗಳನ್ನು ಜನ ಅಲ್ಲಿ ಕೇಳುತ್ತಿದ್ದರು. ಮಗ ಕಾಣೆಯಾದ ತಾಯಿಗೆ, ತನ್ನ ಮಗನ ಹೆಸರನ್ನು ಮಹಾಧರ್ಮಾಧ್ಯಕ್ಷರು ಉಚ್ಚರಿಸಿದ್ದು ಕಿವಿಗೆ ಬೀಳುವುದೆಂದರೆ ಏನಾಗಿದ್ದೀತು! ನಿಮ್ಮ ಕೊನೆಯ ಬೆಂಚಿನ ಹುಡುಗಿಯ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಅದೇ.

ಒಂದೇ ಕಡೆಯವರ ಹೆಣ ಎಣಿಸಿದರು ಎಂಬ ಆರೋಪ ಇಂದಿಗೂ ಕೇಳಿಬರುತ್ತದೆ. ಅದು ಸರಿಯಲ್ಲ. 1977ರಲ್ಲಿ ಎಡಪಂಥೀಯ ಗೆರಿಲ್ಲಾಗಳು ವಿದೇಶಾಂಗ ಸಚಿವ ಮೌರಿಸಿಯೊ ಬೋರ್ಗೊನೊವೊ ಅವರನ್ನು ಅಪಹರಿಸಿ ಕೊಂದಾಗ ಅಂತ್ಯಕ್ರಿಯೆಯ ಪೂಜೆ ಅರ್ಪಿಸಿದವರು ರೊಮೆರೊ ಅವರೇ.

1980ರ ಫೆಬ್ರುವರಿ 17ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಬರೆದ ಪತ್ರವನ್ನು ಪ್ರಬೋಧನೆಯಲ್ಲೇ ಓದಿದರು. ನಮ್ಮ ದೇಶದ ಸೇನೆಗೆ ನೆರವು ಕಳುಹಿಸಬೇಡಿ ಎಂಬ ಕೋರಿಕೆ ಅದು. ನೆರೆದಿದ್ದವರು ಚಪ್ಪಾಳೆ ತಟ್ಟಿ ಸಮ್ಮತಿಸಿದರು. ಅದೇ ತಿಂಗಳು ರೇಡಿಯೊ ಕೇಂದ್ರಕ್ಕೆ ಬಾಂಬ್ ಬಿತ್ತು. ಮಾರ್ಚ್ 23ರಂದು ಅವರು ಸೈನಿಕರಿಗೇ ನೇರವಾಗಿ ಹೇಳಿದರು: ಕೊಲ್ಲಬೇಡ ಎಂಬ ದೇವರ ಆಜ್ಞೆ ಮೇಲಧಿಕಾರಿಯ ಆಜ್ಞೆಗಿಂತ ದೊಡ್ಡದು. ಮರುದಿನ ಸಂಜೆ, ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ, ಪತ್ರಕರ್ತರೊಬ್ಬರ ತಾಯಿಯ ಸ್ಮರಣೆಯ ಪೂಜೆ ನಡೆಯುತ್ತಿರುವಾಗ ಅವರನ್ನು ಗುಂಡಿಟ್ಟು ಕೊಂದರು. ಅಂದು ಓದಿದ ಶುಭಸಂದೇಶ ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳಿನ ಭಾಗ.

ಜೊತೆಯ ಧರ್ಮಾಧ್ಯಕ್ಷರಲ್ಲಿ ಗಟ್ಟಿಯಾಗಿ ಜೊತೆಗೆ ನಿಂತವರು ಅರ್ತುರೊ ರಿವೇರಾ ಇ ದಾಮಾಸ್ ಒಬ್ಬರೇ. ಉಳಿದವರ ದೂರುಗಳು ರೋಮ್‌ವರೆಗೂ ಹೋಗಿದ್ದವು. ಅದೇ ರೋಮ್ 2018ರ ಅಕ್ಟೋಬರ್ 14ರಂದು ಅವರನ್ನು ಸಂತರೆಂದು ಘೋಷಿಸಿತು.

ಉತ್ತರ 2: ಧಾರವಾಡದ ನಿವೃತ್ತ ಶಿಕ್ಷಕ

ತಂಗಿ, ನಾನು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆಯವನು, ಎಪ್ಪತ್ತೆರಡು ವಯಸ್ಸು. ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಪೆನ್ಸಿಲ್ ಹಿಡಿದ ಆ ಹಿರಿಯರ ಪರವಾಗಿ ಒಂದು ಮಾತು ಹೇಳಬೇಕೆನಿಸಿತು.

ಪ್ರಸಂಗಪೀಠದಲ್ಲಿ ಒಬ್ಬರು ಮಾತನಾಡುತ್ತಾರೆ, ಉಳಿದವರೆಲ್ಲ ಸುಮ್ಮನೆ ಕೇಳಬೇಕು. ಎದ್ದು ನಿಂತು ‘ಅಯ್ಯನವರೇ, ಇದು ತಪ್ಪು’ ಎನ್ನಲು ಬರುವುದಿಲ್ಲ. ಲಂಡನ್ನಿನ ಬಿಷಪ್ ವಿನಿಂಗ್ಟನ್ ಇಂಗ್ರಾಂ 1915ರಲ್ಲಿ, ಕ್ರಿಸ್ಮಸ್‌ಗೆ ಸಿದ್ಧವಾಗುವ ಪವಿತ್ರ ಕಾಲದಲ್ಲಿ, ಲೋಕವನ್ನು ಉಳಿಸುವುದಕ್ಕಾಗಿ ಜರ್ಮನರನ್ನು ಕೊಲ್ಲಬೇಕೆಂದು ಬೋಧಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥ ಕಿರಿಲ್, ಯುಕ್ರೇನ್ ಯುದ್ಧದಲ್ಲಿ ಕರ್ತವ್ಯಕ್ಕಾಗಿ ಸಾಯುವವರ ಪಾಪಗಳು ತೊಳೆದುಹೋಗುತ್ತವೆ ಎಂದರು. ಇವರೂ ಹಿರಿಯ ಕ್ರೈಸ್ತ ನಾಯಕರೇ, ಇವರೂ ದೇಶದ ಆಗುಹೋಗುಗಳಿಗೇ ಸ್ಪಂದಿಸಿದ್ದು. ಹಾಗಾಗಿ ಬಾಯಿ ಬಿಟ್ಟವರೆಲ್ಲ ಪ್ರವಾದಿಗಳು ಎಂದು ಮಕ್ಕಳಿಗೆ ಹೇಳಿಕೊಡಬೇಡಿ.

ಆದರೆ ಗ್ರಂಥಪಾಲಕರು ಬರೆದದ್ದನ್ನು ಎರಡು ಸಲ ಓದಿದ ಮೇಲೆ ಒಂದು ವ್ಯತ್ಯಾಸ ಕಂಡಿತು. ಆ ಇಬ್ಬರೂ ಬಂದೂಕು ಹಿಡಿದವರಿಗೆ ಧೈರ್ಯ ಹೇಳಿದರು. ರೊಮೆರೊ ಅದನ್ನು ಕೆಳಗಿಡಲು ಹೇಳಿದರು. ನಿಮ್ಮ ಸಾಲಿನಲ್ಲಿ ಎರಡೂ ಸಮುದಾಯಗಳ ಹೆಸರಿತ್ತು ಎಂದಿರಿ. ಹಾಗಿದ್ದರೆ ಅದಕ್ಕೆ ಗೆರೆ ಎಳೆಯಲು ನನ್ನ ಕೈ ಏಳುತ್ತಿರಲಿಲ್ಲ.

ಉತ್ತರ 3: ಅಬುಧಾಬಿಯಿಂದ, ಶಿರ್ವದ ನರ್ಸ್

ಟೀಚರ್, ನನಗೆ ದೊಡ್ಡ ವಿಷಯಗಳು ಗೊತ್ತಿಲ್ಲ, ಕಂಡದ್ದನ್ನು ಹೇಳುತ್ತೇನೆ. 2019ರ ಫೆಬ್ರುವರಿ 5ರಂದು ಜಗದ್ಗುರು (ಪೋಪ್) ಫ್ರಾನ್ಸಿಸ್ ಅವರು ಇಲ್ಲಿನ ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಬಲಿಪೂಜೆ ಅರ್ಪಿಸಿದಾಗ ರಾತ್ರಿ ಪಾಳಿ ಮುಗಿಸಿ ನೇರವಾಗಿ ಅಲ್ಲಿಗೆ ಹೋಗಿದ್ದೆ. ನಾವು ಶಿರ್ವದಿಂದ ಆರು ಮಂದಿ ಇದ್ದೆವು. ನನ್ನ ಅಮ್ಮ 1986ರಲ್ಲಿ ಎರಡನೇ ಜಾನ್ ಪಾಲ್ ಅವರು ಮಂಗಳೂರಿಗೆ ಬಂದಾಗ ನನ್ನ ಅಣ್ಣನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದವರು. ನಾನು ಹೊರಡುವಾಗ ಫೋನಿನಲ್ಲಿ ಅತ್ತುಬಿಟ್ಟರು.

ನಾನು ಹೇಳಬೇಕೆಂದಿರುವುದು ಹಿಂದಿನ ದಿನದ ಮಾತು. ಫೆಬ್ರುವರಿ 4ರಂದು ಈಜಿಪ್ಟಿನ ಅಲ್-ಅಜ್ಹರ್ ಮಸೀದಿಯ ಮಹಾ ಇಮಾಮ್ ಅಹ್ಮದ್ ಅಲ್-ತಯ್ಯೆಬ್ ಅವರೊಂದಿಗೆ ಮಾನವ ಸಹೋದರತ್ವದ ದಾಖಲೆಗೆ ಸಹಿ ಹಾಕಿದ ಸಭೆಯಲ್ಲಿ ಜಗದ್ಗುರುಗಳು ಯುದ್ಧದ ಬಗ್ಗೆ ಮಾತನಾಡುತ್ತ ಯೆಮನ್, ಸಿರಿಯಾ, ಇರಾಕ್, ಲಿಬಿಯಾ ಎಂದು ಹೆಸರು ಹಿಡಿದೇ ಹೇಳಿದರು. ಯೆಮನ್ ಯುದ್ಧದಲ್ಲಿ ಆಗ ಎಮಿರೇಟ್ಸ್ ಕೂಡ ಪಾಲುಗೊಂಡಿತ್ತು. ಅತಿಥಿಯಾಗಿ ಬಂದ ಮನೆಯಲ್ಲಿ, ಆತಿಥೇಯರ ಎದುರಿಗೇ, ಕೂಗಾಡದೆ, ಬೈಯದೆ, ಆ ಹೆಸರು ಹೇಳಿದರು. ನನ್ನ ವಾರ್ಡಿನಲ್ಲಿ ಯೆಮನ್‌ನ ಒಬ್ಬ ಸಹಾಯಕಿ ಇದ್ದಳು. ಮರುದಿನ ಚಹಾ ಹೊತ್ತಿನಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ: ‘ನಿಮ್ಮ ಪೋಪ್ ಯೆಮನ್ ಎಂದರಂತೆ, ಹೌದೇ?’ ಬೇರೆ ಏನು ಹೇಳಿದರು ಎಂದು ಅವಳು ವಿಚಾರಿಸಲಿಲ್ಲ.

ಆಮೇಲೆ ಗಾಜಾದ ಪವಿತ್ರ ಕುಟುಂಬ ಧರ್ಮಕೇಂದ್ರಕ್ಕೆ 2023ರ ಅಕ್ಟೋಬರ್‌ನಿಂದ ಹೆಚ್ಚುಕಡಿಮೆ ಪ್ರತಿ ಸಂಜೆ ಅವರು ಫೋನ್ ಮಾಡುತ್ತಿದ್ದುದು ಎಲ್ಲರಿಗೂ ಗೊತ್ತೇ ಇದೆ. ಇಂದು ಏನು ಊಟ ಮಾಡಿದಿರಿ ಎಂದೂ ಕೇಳುತ್ತಿದ್ದರಂತೆ. 2025ರ ಏಪ್ರಿಲ್ 21ರಂದು ತೀರಿಹೋದರು. ಅದಕ್ಕೆ ಎರಡು ದಿನ ಮೊದಲೂ ಆ ಫೋನ್ ಹೋಗಿತ್ತು.

ಪ್ರಶ್ನೆ ಕೇಳಿದವರು ಮತ್ತೆ: ಸಕಲೇಶಪುರದ ಟೀಚರ್

ಮೂವರಿಗೂ ಕೃತಜ್ಞತೆಗಳು. ಧಾರವಾಡದ ಹಿರಿಯರ ಮಾತು ನನಗೆ ಚುಚ್ಚಿತು, ಆದರೆ ಬೇಕಾಗಿತ್ತು. ಯುವಜನರಿಗೆ ಲಂಡನ್ನಿನ ಬಿಷಪ್ಪರ ಕಥೆಯನ್ನೂ ಹೇಳುತ್ತೇನೆ, ರೊಮೆರೊ ಅವರ ಕಥೆಗಿಂತ ಮೊದಲೇ.

ನಿನ್ನೆ ಸಂಜೆ ನಮ್ಮ ಗುರುಗಳ ಬಳಿಗೆ ಹೋಗಿ ಪೆನ್ಸಿಲ್ ಗೆರೆ ಇದ್ದ ಹಾಳೆಯನ್ನೇ ತೋರಿಸಿದೆ. ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೊನೆಯ ಬೆಂಚಿನ ಹುಡುಗಿಯ ಹೆಸರು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳಿಂದ ನೋಡುತ್ತಿದ್ದರೂ ಕೇಳಿರಲಿಲ್ಲ! ಇಂದು ಬೆಳಿಗ್ಗೆ ಹೋಂಸ್ಟೇಗೇ ಹೋಗಿ ಕೇಳಿಕೊಂಡು ಬಂದೆ.

ಈ ಭಾನುವಾರಕ್ಕೆ ಬರೆದಿರುವ ಸಾಲು ಇದು. ಎಲ್ಲಿಯಾದರೂ ಯಾರಿಗಾದರೂ ಅನ್ಯಾಯವಾಗುವ ಪದವಿದ್ದರೆ ಶನಿವಾರ ರಾತ್ರಿಯೊಳಗೆ ತಿಳಿಸಿ:

‘ಮಣಿಪುರದಲ್ಲಿ 2023ರ ಮೇ 3ರಿಂದ ಮನೆ ಕಳೆದುಕೊಂಡಿರುವ ಕುಕಿ ಮತ್ತು ಮೈತೇಯಿ ಕುಟುಂಬಗಳಿಗಾಗಿ, ಚುರಾಚಾಂದ್‌ಪುರ ಹಾಗೂ ಇಂಫಾಲದ ಪರಿಹಾರ ಶಿಬಿರಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗಾಗಿ, ಅವರು ತಮ್ಮ ಮನೆಗಳಿಗೆ ಹಿಂದಿರುಗುವಂತೆ, ಪ್ರಭುವಿನಲ್ಲಿ ಪ್ರಾರ್ಥಿಸೋಣ.’