ಪದಚರ್ಚೆ: ‘ಇಂಟಿಗ್ರೇಶನ್’ ಅಂದರೆ ಏಕೀಕರಣವೇ, ಅಳವಡಿಕೆಯೇ, ಹೊಂದಿಕೆಯೇ?

ಬಳಗದ ಎಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ನಮ್ಮ ಕಡೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಡಿಪ್ಲೊಮಾಕ್ಕೋ ಎಂಜಿನಿಯರಿಂಗಿಗೋ ಹೋಗುವ ಮಕ್ಕಳಿದ್ದಾರೆ. ಅವರಿಗಾಗಿ ಸಿಸ್ಟಮ್ಸ್ ಎಂಜಿನಿಯರಿಂಗ್ (ಹಲವು ಭಾಗಗಳಿರುವ ದೊಡ್ಡ ಸಿಸ್ಟಮನ್ನು ಇಡಿಯಾಗಿ ನೋಡಿ ಕಟ್ಟುವ ವಿದ್ಯೆ) ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಅಧ್ಯಾಯದ ತಲೆಬರಹದಲ್ಲೇ ಕೆಲಸ ನಿಂತಿದೆ. ಇಂಗ್ಲಿಷಿನಲ್ಲಿ ಅದು ‘ಇಂಟಿಗ್ರೇಟಿಂಗ್ ಸ್ಪೆಶಾಲಿಟಿ ಎಂಜಿನಿಯರಿಂಗ್ ಪ್ಲಾನ್ಸ್ ಇನ್‌ಟು ಸಿಸ್ಟಮ್ಸ್ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್’. ನಿಘಂಟು ಹಿಡಿದು ಪದಕ್ಕೆ ಪದ ಇಟ್ಟರೆ ‘ವ್ಯವಸ್ಥಾ ಎಂಜಿನಿಯರಿಂಗ್ ನಿರ್ವಹಣೆಯಲ್ಲಿ ವಿಶೇಷ ಎಂಜಿನಿಯರಿಂಗ್ ಯೋಜನೆಗಳ ಏಕೀಕರಣ’ ಆಗುತ್ತದೆ. ವ್ಯಾಕರಣ ಸರಿ ಇದೆ, ಅರ್ಥ ಮಾತ್ರ ಯಾರಿಗೂ ಮುಟ್ಟುವುದಿಲ್ಲ.

ಪದಕ್ಕೆ ಬರುವ ಮೊದಲು ವಿಷಯ ಹೇಳುತ್ತೇನೆ. ವಿಷಯ ಗೊತ್ತಿಲ್ಲದೆ ಪದ ಹುಡುಕಿದರೆ ದಾರಿ ತಪ್ಪುತ್ತೇವೆ.

ವಿಮಾನ, ಮೆಟ್ರೋ ರೈಲು, ರೇಡಾರ್ ಥರದ ದೊಡ್ಡ ಸಿಸ್ಟಮ್ ಕಟ್ಟುವಾಗ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಾಫ್ಟ್‌ವೇರ್ ತಂಡಗಳು ಒಂದೊಂದು ಭಾಗ ಮಾಡುತ್ತವೆ. ಇವರಲ್ಲದೆ ಇನ್ನೂ ಕೆಲವರು ಇರುತ್ತಾರೆ. ಅವರು ಯಾವ ಭಾಗವನ್ನೂ ಮಾಡುವುದಿಲ್ಲ. ಇಡೀ ಸಿಸ್ಟಮ್‌ನ ಒಂದೊಂದು ಗುಣವನ್ನು ನೋಡಿಕೊಳ್ಳುತ್ತಾರೆ. ಕೆಡದೆ ಎಷ್ಟು ಕಾಲ ನಡೆಯುತ್ತದೆ ಅಂತ ಒಬ್ಬರು, ಕೆಟ್ಟರೆ ಎಷ್ಟು ಬೇಗ ಸರಿ ಮಾಡಬಹುದು ಅಂತ ಇನ್ನೊಬ್ಬರು. ಜನರಿಗೆ ಅಪಾಯ ಇಲ್ಲವಲ್ಲ, ಅಕ್ಕಪಕ್ಕದ ಯಂತ್ರಗಳ ರೇಡಿಯೊ ಗದ್ದಲ ಒಳಗೆ ನುಗ್ಗುವುದಿಲ್ಲವಲ್ಲ, ನಡೆಸುವವರ ಕೈಗೂ ಕಣ್ಣಿಗೂ ಒಗ್ಗುತ್ತದಲ್ಲ ಅಂತ ನೋಡುವವರು ಬೇರೆ. ಇವೇ ಸ್ಪೆಶಾಲಿಟಿಗಳು. ಪ್ರತಿಯೊಂದಕ್ಕೂ ತನ್ನದೇ ಪ್ಲಾನ್ ಇರುತ್ತದೆ. ಎಲ್ಲದರ ಮೇಲೆ ಸಿಸ್ಟಮ್ಸ್ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಪ್ಲಾನ್ ಅಂತ ಒಂದು ಮುಖ್ಯ ಪ್ಲಾನ್. ಈ ಕೆಲಸ ಹೇಗೆ ನಡೆಯಬೇಕು ಅಂತ ಹೇಳುವ ಅಮೆರಿಕದ ಸೇನೆಯ ಮಾನದಂಡ ಮಿಲ್-ಸ್ಟ್ಯಾಂಡರ್ಡ್-499 ಬಂದದ್ದು 1969ರಲ್ಲಿ. 1974ರ 499ಎ ಆವೃತ್ತಿಯಲ್ಲಿ ಈ ಮುಖ್ಯ ಪ್ಲಾನಿಗೆ ಮೂರು ಭಾಗಗಳು: ಕೆಲಸದ ತಯಾರಿ ಮತ್ತು ಹಿಡಿತ, ಸಿಸ್ಟಮ್ಸ್ ಎಂಜಿನಿಯರಿಂಗ್ ನಡೆಸುವ ಕ್ರಮ, ಮೂರನೆಯದು ಈ ಸ್ಪೆಶಾಲಿಟಿಗಳ ಇಂಟಿಗ್ರೇಶನ್. ಅಂದರೆ ಕೊನೆಯಲ್ಲಿ ಅಂಟಿಸುವ ಅನುಬಂಧ ಅಲ್ಲ, ಮುಖ್ಯ ಪ್ಲಾನಿನ ಮೂರರಲ್ಲಿ ಒಂದು ಭಾಗವೇ ಅದು.

ಕೈಪಿಡಿಯಲ್ಲಿ ಇದನ್ನು ಹೇಳಲು ನಾನು ಆರಿಸಿಕೊಂಡದ್ದು ಒಂದು ಬಾಗಿಲು. ಕಡಲ ಹತ್ತಿರ ನಿಲ್ಲಿಸುವ ಎಲೆಕ್ಟ್ರಾನಿಕ್ ಕ್ಯಾಬಿನೆಟ್ಟಿನ ಬಾಗಿಲು. ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಉಪ್ಪುಗಾಳಿ ಗೊತ್ತಿಲ್ಲದವರು ಯಾರಿದ್ದಾರೆ? ಮಳೆಗಾಲವಂತೂ ಕೇಳುವುದೇ ಬೇಡ. ತುಕ್ಕು ನೋಡುವ ಎಂಜಿನಿಯರ್ ‘ಗಾಳಿ ಆಡದ ಹಾಗೆ ಬಿಗಿಯಾಗಿ ಮುಚ್ಚಿ’ ಅನ್ನುತ್ತಾರೆ. ಶಾಖ ನೋಡುವವರು ‘ಒಳಗಿನ ಬಿಸಿ ಹೋಗಲು ಕಿಂಡಿ ಬಿಡಿ’ ಅನ್ನುತ್ತಾರೆ. ರೇಡಿಯೊ ಗದ್ದಲ ತಡೆಯುವವರಿಗೆ ಸಂದು ದೊಡ್ಡದಾದರೆ ಆಗುವುದಿಲ್ಲ. 1 ಗಿಗಾಹರ್ಟ್ಸ್ ಅಲೆಯ ಉದ್ದ 30 ಸೆಂಟಿಮೀಟರ್. ಸಂದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತ, ಅಂದರೆ ಒಂದೂವರೆ ಸೆಂಟಿಮೀಟರಿಗಿಂತ ಉದ್ದ ಇರಬಾರದು ಎಂಬುದು ರೂಢಿಯ ಲೆಕ್ಕ. ಹಾಗಾಗಿ ಬಾಗಿಲಿನ ಸುತ್ತ ಒತ್ತೊತ್ತಾಗಿ ಸ್ಕ್ರೂ ಬೇಕು ಅನ್ನುತ್ತಾರೆ. ರಿಪೇರಿಯ ಕಡೆಯವರಿಗೆ ಅಷ್ಟು ಸ್ಕ್ರೂ ಕಂಡರೆ ಆಗದು. ಸುರಕ್ಷತೆಯವರಿಗೆ ಬಾಗಿಲು ತೆರೆದ ಕೂಡಲೇ ಕರೆಂಟ್ ಹೋಗುವ ಸ್ವಿಚ್ ಬೇಕು. ಕೆಟ್ಟದ್ದು ಎಲ್ಲಿ ಅಂತ ಹುಡುಕುವವರಿಗೆ ಬಾಗಿಲು ತೆರೆದಾಗಲೂ ಕರೆಂಟ್ ಇರಬೇಕು!

ಸ್ಕ್ರೂಗಳ ವಿಷಯ ಸಣ್ಣದಲ್ಲ, ಲೆಕ್ಕ ಹಾಕಿ ನೋಡಿ. ಸರಾಸರಿ 1000 ಗಂಟೆಗೊಮ್ಮೆ ಕೆಡುವ ಯಂತ್ರ, ಸರಿ ಮಾಡಲು 10 ಗಂಟೆ ಅಂತ ಇಟ್ಟುಕೊಳ್ಳಿ. ನಡೆಯುವ ಸಾವಿರ ಗಂಟೆಯನ್ನು ರಿಪೇರಿಯೂ ಸೇರಿದ ಸಾವಿರದ ಹತ್ತು ಗಂಟೆಯಿಂದ ಭಾಗಿಸಿದರೆ 0.99, ಇದೇ ‘ಲಭ್ಯತೆ’. ವರ್ಷದ 8760 ಗಂಟೆಗಳಲ್ಲಿ ಸುಮಾರು 87 ಗಂಟೆ ಅದು ಕೆಲಸ ಮಾಡುವುದಿಲ್ಲ. ಬಿಚ್ಚಿ ಜೋಡಿಸುವ ತಾಪತ್ರಯದಿಂದ ಸರಿ ಮಾಡುವ ಹೊತ್ತು 50 ಗಂಟೆಗೆ ಏರಿದರೆ? 0.952ಕ್ಕೆ ಇಳಿಯುತ್ತದೆ, ವರ್ಷಕ್ಕೆ ಸುಮಾರು 417 ಗಂಟೆ ನಿಂತಿರುತ್ತದೆ. ಯಂತ್ರ ಮೊದಲಿನಷ್ಟೇ ಕೆಡುತ್ತಿದೆ, ಆದರೂ ಕೆಲಸಕ್ಕೆ ಸಿಗುವುದು ಕಡಿಮೆಯಾಯಿತು. ‘ವಿಶ್ವಾಸಾರ್ಹತೆ’ಯೂ ‘ಲಭ್ಯತೆ’ಯೂ ಬೇರೆ ಬೇರೆ ಅಂತ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಇವರೆಲ್ಲ ಬಾಗಿಲಿನ ನಕ್ಷೆ ಬರೆಯುವ ಮೊದಲೇ ಒಟ್ಟಿಗೆ ಕೂತರೆ ದಾರಿ ಇದೆ. ಬಾಗಿಲಿನ ಅಂಚಿಗೆ ವಿದ್ಯುತ್ ಹರಿಯಬಲ್ಲ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಹಾಕಿ, ಅದನ್ನು ಒತ್ತಿ ಹಿಡಿಯಲು ಕಾಲು ಸುತ್ತು ತಿರುಗಿಸಿದರೆ ತೆರೆಯುವ ಕೆಲವೇ ಚಿಲಕ ಇಡಬಹುದು. ಸ್ಕ್ರೂಗಳ ಸಾಲು ಬೇಡ. ಬಿಸಿಯನ್ನು ಕಿಂಡಿಯ ಬದಲು ಕ್ಯಾಬಿನೆಟ್ಟಿನ ಗೋಡೆಯ ಮೂಲಕವೇ ಹೊರಗೆ ಬಿಡಬಹುದು. 230 ವೋಲ್ಟಿನ ಭಾಗವನ್ನು ಆ ಬಾಗಿಲಿನ ಹಿಂದೆ ಇಡದೆ ಬೇರೆ ಕಡೆಗೆ ಸರಿಸಬಹುದು. ಸುರಕ್ಷತೆಯ ಮಿಲ್-ಸ್ಟ್ಯಾಂಡರ್ಡ್-882 ಕೇಳುವುದೂ ಇದೇ ಕ್ರಮವನ್ನು: ಅಪಾಯವನ್ನು ವಿನ್ಯಾಸದಲ್ಲೇ ತೆಗೆಯಿರಿ, ಆಗದಿದ್ದರೆ ಕಡಿಮೆ ಮಾಡಿ, ತಡೆ ಹಾಕಿ, ಎಚ್ಚರಿಸುವ ಸಾಧನ ಇಡಿ, ಬೋರ್ಡು, ತರಬೇತಿ, ಕೈಗವಸು ಎಲ್ಲ ಕೊನೆಗೆ. ಸುರಕ್ಷತೆಯವರನ್ನು ತಡವಾಗಿ ಕರೆದರೆ ಅವರಿಗೆ ಉಳಿಯುವುದು ಆ ಕೊನೆಯ ಮೆಟ್ಟಿಲೊಂದೇ. ಬಾಗಿಲಿಗೆ ‘ಅಪಾಯ’ ಅಂತ ಬೋರ್ಡು ಅಂಟಿಸಿ ಹೋಗುತ್ತಾರೆ. ಮನೆ ಕಟ್ಟುವಾಗ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಮೊದಲೇ ವಯರಿಂಗಿನ ಪೈಪ್ ಹಾಕಬೇಕು, ಅಲ್ವಾ? ಅಷ್ಟೇ ವಿಷಯ.

ಇನ್ನು ಪದಗಳಿಗೆ ಬರುತ್ತೇನೆ.

‘ಏಕೀಕರಣ’ ನನಗೆ ಬೇಡ. ಕಾಸರಗೋಡಿನವರಿಗೆ ಆ ಪದ ಕೇಳಿದರೆ ನೆನಪಾಗುವುದು 1956ರ ನವೆಂಬರ್ 1. ಕರ್ನಾಟಕ ಒಂದಾದ ದಿನವೇ ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಬಿಟ್ಟು ಕೇರಳಕ್ಕೆ ಸೇರಿತು. ಆ ನೋವನ್ನು ಪಕ್ಕಕ್ಕಿಟ್ಟರೂ ಅರ್ಥ ಸರಿ ಕೂರುವುದಿಲ್ಲ. ಏಕೀಕರಣ ಅಂದರೆ ಹಲವು ಸೇರಿ ಒಂದಾಗುವುದು. ಇಲ್ಲಿ ಸುರಕ್ಷತೆಯ ಪ್ಲಾನ್ ಕರಗಿ ಮುಖ್ಯ ಪ್ಲಾನ್ ಆಗುವುದಿಲ್ಲ. ಅದು ತನ್ನ ಪಾಡಿಗೆ ಇರುತ್ತದೆ, ಅದನ್ನು ಬರೆದವರೂ ಬೇರೆಯೇ ಇರುತ್ತಾರೆ. ‘ಸೇರ್ಪಡೆ’ ಅಂದರೆ ಇನ್ನೂ ಕಷ್ಟ. ಎಲ್ಲ ಪ್ಲಾನ್‌ಗಳನ್ನು ಒಂದೇ ಫೈಲಿಗೆ ಪೋಣಿಸಿದರೆ ಸೇರ್ಪಡೆ ಆಯಿತು. ಆ ಬಾಗಿಲು ಮಾತ್ರ ಹಾಗೇ ಉಳಿಯಿತು.

‘ಸಮನ್ವಯ’ ಒಳ್ಳೆಯ ಪದ. ಆದರೆ ಸರ್ಕಾರಿ ಕಚೇರಿಗಳ ‘ಸಮನ್ವಯ ಸಮಿತಿ’ಯಿಂದಾಗಿ ಅದಕ್ಕೆ ಕೋಆರ್ಡಿನೇಶನ್ ಎಂಬ ಅರ್ಥ ಗಟ್ಟಿಯಾಗಿದೆ. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಸಿದರೆ ಅದು ಮುಗಿಯಿತು. ಇಲ್ಲಿ ತಿಳಿಸಿದರೆ ಸಾಲದು, ನಕ್ಷೆಯೇ ಬದಲಾಗಬೇಕು. ‘ಅಳವಡಿಕೆ’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅಳವಡಿಸುವಾಗ ಒಂದು ಗಟ್ಟಿಯಾಗಿ ನಿಂತಿರುತ್ತದೆ, ಇನ್ನೊಂದನ್ನು ಅದರೊಳಗೆ ಕೂರಿಸುತ್ತೇವೆ. ಇಲ್ಲಿ ಸ್ಪೆಶಾಲಿಟಿಯ ಪ್ಲಾನೂ ಮುಖ್ಯ ಪ್ಲಾನೂ ಎರಡೂ ಜರುಗಿ ಜಾಗ ಮಾಡಿಕೊಳ್ಳುತ್ತವೆ. ಪರೀಕ್ಷೆಯ ದಿನ ಹಿಂದೆ ಮುಂದೆ ಹೋಗುತ್ತದೆ, ತೂಕದ ಮಿತಿ ಬದಲಾಗುತ್ತದೆ.

ಅದಕ್ಕೇ ನನ್ನ ಒಲವು ‘ಹೊಂದಿಸು, ಹೊಂದಿಕೆ’ ಕಡೆಗೆ. ಪದ ನಮ್ಮದೇ, ಎರಡೂ ಕಡೆಯ ಚಲನೆ ಅದರಲ್ಲಿ ಇದೆ. ‘ಹೊಂದಾಣಿಕೆ’ ಅನ್ನಲು ಮಾತ್ರ ಹಿಂಜರಿಕೆ. ಪತ್ರಿಕೆಗಳ ‘ಹೊಂದಾಣಿಕೆ ರಾಜಕಾರಣ’ದಿಂದ ಅದಕ್ಕೆ ರಾಜಿಯ ವಾಸನೆ ಬಂದಿದೆ. ತೂಕ, ಬೆಲೆಯಲ್ಲಿ ರಾಜಿ ಇರಲಿ, ಜೀವದ ವಿಷಯದಲ್ಲಿ ಆ ವಾಸನೆ ಬೇಡ.

‘ಸ್ಪೆಶಾಲಿಟಿ’ಗೆ ‘ವಿಶೇಷ’ ಅಂದರೆ ಮೇಲ್ಮಟ್ಟದ್ದು, ಅಪರೂಪದ್ದು ಅಂತ ಓದುತ್ತಾರೆ. ನಮ್ಮಲ್ಲಿ ಇಬ್ಬರು ಸಿಕ್ಕರೆ ‘ಎಂತ ವಿಶೇಷ?’ ಅನ್ನುತ್ತಾರೆ, ಅಲ್ಲಿ ವಿಶೇಷ ಅಂದರೆ ಸುದ್ದಿ. ‘ತಜ್ಞ ವಿಭಾಗಗಳು’ ಅನ್ನಬಹುದೇ? ಇನ್ನೊಂದು ದಾರಿಯೂ ಇದೆ. ಸಿಸ್ಟಮ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಇನ್‌ಕೋಸಿಯ ಸಿಸ್ಟಮ್ಸ್ ಎಂಜಿನಿಯರಿಂಗ್ ಕೈಪಿಡಿಯ 2023ರ ಐದನೇ ಆವೃತ್ತಿಯಲ್ಲಿ ಈ ವಿಷಯಗಳು ‘ಕ್ವಾಲಿಟಿ ಕ್ಯಾರೆಕ್ಟರಿಸ್ಟಿಕ್ಸ್’ ಎಂಬ ಹೆಸರಿನಡಿ ಬಂದಿವೆ. ಅದನ್ನು ಹಿಡಿದರೆ ‘ಗುಣ’ ಎಂಬ ಚಿಕ್ಕ ಪದವೇ ಸಾಕಾಗುತ್ತದೆ: ಭಾಗ ಮಾಡುವವರು, ಗುಣ ಕಾಯುವವರು. ಆದರೆ ‘ಗುಣ’ ಅಂದರೆ ‘ಗುಣಮಟ್ಟ’ ಅಂತ ತಿಳಿಯುವ ಅಪಾಯ ಇದೆ. ನೀವೇನು ಹೇಳುತ್ತೀರಿ?

ನನಗೆ ಜಾಸ್ತಿ ಚಿಂತೆ ಇರುವುದು ‘ನಿರ್ವಹಣೆ’ ಮತ್ತು ‘ಯೋಜನೆ’ ಬಗ್ಗೆ. ಮ್ಯಾನೇಜ್‌ಮೆಂಟೂ ನಿರ್ವಹಣೆ, ಮೇಂಟೆನೆನ್ಸೂ ನಿರ್ವಹಣೆ. ಪ್ರಾಜೆಕ್ಟೂ ಯೋಜನೆ, ಪ್ಲಾನೂ ಯೋಜನೆ. ಹಾಗಾಗಿ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ಲಾನ್’ ಅನ್ನುವುದು ‘ಯೋಜನಾ ನಿರ್ವಹಣಾ ಯೋಜನೆ’ ಆಗುತ್ತದೆ. ‘ಮೇಂಟೆನೆನ್ಸ್ ಪ್ಲಾನ್’ ಕೂಡ ‘ನಿರ್ವಹಣಾ ಯೋಜನೆ’ಯೇ. ಬೇರೆ ವಿಷಯದಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳಬಹುದು. ಈ ಅಧ್ಯಾಯದಲ್ಲಿ ಮಾತ್ರ ಮೇಂಟೆನೆನ್ಸ್ ಪ್ಲಾನನ್ನು ಮ್ಯಾನೇಜ್‌ಮೆಂಟ್ ಪ್ಲಾನಿನೊಳಗೆ ಹೊಂದಿಸುವುದೇ ವಿಷಯ. ಎರಡಕ್ಕೂ ಒಂದೇ ಹೆಸರಿದ್ದರೆ ವಾಕ್ಯವೇ ನಿಲ್ಲುವುದಿಲ್ಲ.

ಮೇಂಟೆನೆನ್ಸಿಗೆ ‘ದುರಸ್ತಿ’ ಅನ್ನಬಹುದು. ಕೆಟ್ಟ ಮೇಲೆ ಮಾಡುವ ಕೆಲಸಕ್ಕೆ ಅದು ಸರಿ. ಕೆಡದ ಹಾಗೆ ಎಣ್ಣೆ ಬಿಡುವುದು, ಫಿಲ್ಟರ್ ಬದಲಾಯಿಸುವುದು ಅದರಲ್ಲಿ ಬರುವುದಿಲ್ಲ. ತೋಟಕ್ಕೆ ಹೇಳುವ ‘ಆರೈಕೆ’ಯಲ್ಲಿ ಎರಡೂ ಬರುತ್ತವೆ. ‘ಯಂತ್ರದ ಆರೈಕೆ’ ನನ್ನ ಕಿವಿಗೆ ಚೆನ್ನಾಗಿಯೇ ಇದೆ. ಮೇಂಟೇನೆಬಿಲಿಟಿಗೆ ‘ಆರೈಕೆ ಸುಲಭತೆ’ ಅಂತ ಬರೆದು ನೋಡಿದ್ದೇನೆ. ‘ನಿರ್ವಹಣಾಸಾಧ್ಯತೆ’ಗಿಂತ ಅದು ಓದುಗರಿಗೆ ಬೇಗ ತಿಳಿಯುತ್ತದೆ ಎಂದು ನನ್ನ ನಂಬಿಕೆ.

ಇಲ್ಲಿನ ಮಕ್ಕಳಿಗೆ ಮಲಯಾಳವೂ ದಿನಾ ಕಿವಿಗೆ ಬೀಳುತ್ತದೆ, ಅದನ್ನೂ ನೋಡಬೇಕು. ಮಲಯಾಳದಲ್ಲಿ ಪ್ರಾಜೆಕ್ಟಿಗೆ ‘ಪದ್ಧತಿ’. ಕುಡಿಯುವ ನೀರಿನ ಯೋಜನೆ ಅಲ್ಲಿ ‘ಕುಡಿವೆಳ್ಳ ಪದ್ಧತಿ’. ನಮಗೆ ಪದ್ಧತಿ ಅಂದರೆ ರೂಢಿ. ಸಿಸ್ಟಮ್‌ಗೆ ಅವರು ‘ಸಂವಿಧಾನಂ’ ಅನ್ನುತ್ತಾರೆ, ನಮಗೆ ಅದು ದೇಶದ ಸಂವಿಧಾನ. ‘ವ್ಯವಸ್ಥ’ ಅಂದರೆ ಕರಾರುಪತ್ರದ ಷರತ್ತು ಎಂಬ ಅರ್ಥವೂ ಅಲ್ಲಿ ಚಾಲ್ತಿಯಲ್ಲಿದೆ. ಟೆಂಡರ್ ಕಾಗದ ಮಲಯಾಳದಲ್ಲಿ ಓದುವ ಹುಡುಗ ‘ವ್ಯವಸ್ಥಾ ಎಂಜಿನಿಯರಿಂಗ್’ ಅಂದಾಗ ಏನು ತಿಳಿದಾನು? ಹಾಗಾಗಿ ‘ಸಿಸ್ಟಮ್’ ಅಂತಲೇ ಬಿಡುವುದು ವಾಸಿ ಅನಿಸಿದೆ. ಅದು ಕನ್ನಡ, ಮಲಯಾಳ ಎರಡೂ ಭಾಷೆಯವರಿಗೆ ಗೊತ್ತು.

ಉಳಿದ ಗಡಿಗಳಲ್ಲಿರುವ ಗೆಳೆಯರು ನೆರವಾಗಬೇಕು. ಮರಾಠಿಯಲ್ಲಿ ಪ್ರಾಜೆಕ್ಟಿಗೆ ‘ಪ್ರಕಲ್ಪ’, ಸ್ಕೀಮ್-ಪ್ಲಾನಿಗೆ ‘ಯೋಜನಾ’, ಎರಡೂ ಬೇರೆ. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದವರು ‘ಪ್ರಕಲ್ಪ’ವನ್ನು ಕನ್ನಡ ಮಾತಿನಲ್ಲೂ ಬಳಸುತ್ತೀರಾ? ನೋಡಿಕೊಳ್ಳುವುದು ಎಂಬ ಅರ್ಥದ ‘ದೇಖರೇಖಿ’ ಯಂತ್ರಕ್ಕೂ ಸಲ್ಲುತ್ತದೆಯೇ, ಇಲ್ಲ ಮಕ್ಕಳು, ದನಕರು, ಕೆಲಸಗಾರರಿಗೆ ಮಾತ್ರವೇ? ತಮಿಳಿನಲ್ಲಿ ಮ್ಯಾನೇಜ್‌ಮೆಂಟ್ ‘ಮೇಲಾಣ್ಮೈ’, ಮೇಂಟೆನೆನ್ಸ್ ‘ಪರಾಮರಿಪ್ಪು’. ಹೊಸೂರು, ತಾಳವಾಡಿಯವರು ಈ ಎರಡನ್ನು ಕನ್ನಡದಲ್ಲಿ ಹೇಗೆ ಬೇರೆ ಮಾಡುತ್ತೀರಿ? ತೆಲುಗಿನಲ್ಲಿ ನಮ್ಮ ಹಾಗೆಯೇ ಎರಡಕ್ಕೂ ‘ನಿರ್ವಹಣ’ ಬರುತ್ತದೆ, ಆದರೆ ಪ್ಲಾನಿಗೆ ‘ಪ್ರಣಾಳಿಕ’ ಇದೆ. ನಮ್ಮಲ್ಲಿ ‘ಪ್ರಣಾಳಿಕೆ’ ಚುನಾವಣೆಯ ಪಾಲಾಗಿದೆ. ಆದೋನಿ, ಮಡಕಶಿರದವರ ಮಾತಿನಲ್ಲಿ ಪ್ಲಾನಿಗೆ ಬೇರೆ ಪದ ಉಂಟಾ? ಪ್ರಾಜೆಕ್ಟಿಗೆ ‘ಹಮ್ಮುಗೆ’ ಅಂತ ಕೆಲವರು ಬರೆಯುತ್ತಿದ್ದಾರೆ, ಅದನ್ನು ಪಾಠ ಮಾಡುವಾಗ ಬಳಸಿ ನೋಡಿದವರು ಇದ್ದರೆ ಮಕ್ಕಳಿಗೆ ಹಿಡಿಸಿತೇ ಅಂತ ತಿಳಿಸಿ.

ಸದ್ಯಕ್ಕೆ ಕೈಪಿಡಿಯಲ್ಲಿ ತಲೆಬರಹವನ್ನು ಹೀಗೆ ಇಟ್ಟಿದ್ದೇನೆ: ‘ತಜ್ಞ ವಿಭಾಗಗಳ ಪ್ಲಾನ್‌ಗಳನ್ನು ಮುಖ್ಯ ಸಿಸ್ಟಮ್ ಪ್ಲಾನಿನೊಂದಿಗೆ ಹೊಂದಿಸುವುದು’. ‘ಪ್ಲಾನ್’ ಜಾಗಕ್ಕೆ ‘ಕಾರ್ಯಯೋಜನೆ’ ಹಾಕಿದರೆ ಉದ್ದವಾಗುತ್ತದೆ, ಆದರೆ ‘ಯೋಜನೆ’ಯ ಗೊಂದಲ ತಪ್ಪುತ್ತದೆ. ಯಾವುದು ಇರಲಿ? ಕಾರಣ ಸಮೇತ ಬರೆಯಿರಿ, ಒಪ್ಪದಿದ್ದರೆ ಆ ಬಾಗಿಲಿನ ಉದಾಹರಣೆಯನ್ನೇ ನಿಮ್ಮ ಪದದಲ್ಲಿ ಒಂದೆರಡು ಸಾಲು ಬರೆದು ತೋರಿಸಿ.