ತೊಗಲು ಗೊಂಬೆಗೆ ಆಡಿನ ಚರ್ಮ ಹೆರೆಯೋ ಕತ್ತಿ ನಾವೇ ಮಾಡ್ಕೊಳೋದು ಹೇಗೆ?

ನೆರಳುಪರದೆ:
ಎಲ್ಲರಿಗೂ ನಮಸ್ಕಾರ. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಅವರಿಗೆ ಪದ್ಮಶ್ರೀ ಬಂತಲ್ಲ, ಆವತ್ತಿಂದ ತೊಗಲು ಗೊಂಬೆ ನನ್ನ ತಲೇಲಿ ಕೂತ್ಬಿಟ್ಟಿದೆ, ಒಂದಾದ್ರೂ ಕೈಯಾರೆ ಮಾಡ್ಬೇಕು ಅಂತ ಮಟನ್ ಅಂಗಡಿಯಿಂದ ಆಡಿನ ಚರ್ಮ ತಂದು ಸುಣ್ಣದ ನೀರಲ್ಲಿ ನೆನೆಹಾಕಿದ್ದೆ. ಐದನೇ ದಿನಕ್ಕೆ ಕೂದಲು ಕೈಯಲ್ಲೇ ಕಿತ್ಕೊಂಡು ಬಂತು, ಅಲ್ಲೀವರೆಗೂ ಸರಿ ಇತ್ತು. ಒಳಮೈಲಿರೋ ಪೊರೆ ತೆಗೆಯೋಣ ಅಂತ ಅಡುಗೆಮನೆ ಚಾಕು ಹಿಡಿದ್ರೆ ಹೊಟ್ಟೆ ಭಾಗದಲ್ಲಿ ಎರಡು ತೂತು ಬಿತ್ತು, ಬೆನ್ನು ಮಾತ್ರ ದಪ್ಪಗೇ ಉಳೀತು. ಬಲ್ಬಿನ ಎದುರು ಹಿಡಿದ್ರೆ ನಡುವೆ ಉದ್ದಕ್ಕೂ ಕಪ್ಪಗೆ ಒಂದು ಪಟ್ಟೆ ಕಾಣುತ್ತೆ. ನನ್ನ ಹತ್ರ ಹಳೇ ಜೀಪಿನ ಸ್ಪ್ರಿಂಗ್ ಪಟ್ಟಾ ಒಂದು, ತಾತನ ಕಾಲದ ಬಡಗಿ ಗರಗಸ, ಎರಡು ಅರ, ಸಣ್ಣ ಗ್ರೈಂಡರ್ ಇದೆ. ಇದ್ರಲ್ಲಿ ಏನಾದ್ರೂ ಆಗುತ್ತಾ? ಮತ್ತೆ ತಂಗಡಿ ತೊಗಟೆ ಹಾಕಿ ಹದ ಮಾಡಿದ್ಮೇಲೆ ಹೆರೀಬೇಕಾ ಅಥವಾ ಮೊದಲೇನಾ?

ಕುಲುಮಿಮನಿ:
ತಮ್ಮಾ, ಒಂದ ಕತ್ತೀಲೆ ಎರಡೂ ಕೆಲಸ ಆಗಂಗಿಲ್ಲ. ಹಸಿ ಚರ್ಮದ ಪೊರಿ ತಗಿಯಾಕ ಮೊಂಡ ಕತ್ತಿ ಬೇಕು, ಒಣಗಿದ ಮ್ಯಾಲೆ ತೆಳ್ಳಗ ಮಾಡಾಕ ಬ್ಯಾರೇನ ಬೇಕು. ನೀ ಹಸಿ ಚರ್ಮಕ್ಕ ಚೂಪ ಚಾಕು ಹಾಕಿದಿ, ಅದಕ್ಕ ತೂತ ಬಿತ್ತು.

ಮೊಂಡ ಕತ್ತಿ ಜೀಪಿನ ಪಟ್ಟಾದಾಗ ಮಾಡು. ಅದು ಮೊದಲ ಬಾಗಿರತೈತಿ, ಕಂಪನಿಯವರು ಹದಾನೂ ಹಾಕಿರತಾರ, ಮತ್ತ ಕುಲುಮಿಗೆ ಹಾಕೂದು ಬ್ಯಾಡ. ಒಂದೂವರಿ ಅಡಿ ಉದ್ದ ಇಟಗೊಂಡು ಎರಡೂ ತುದೀಗೆ ನಾಕ ನಾಕ ಇಂಚು ಹಿಡಿಕಿಗೆ ಬಿಡು, ಅದಕ್ಕ ಹಳೇ ಸೈಕಲ್ ಟ್ಯೂಬ್ ಸುತ್ತಿದರ ಸಾಕು. ನಡುವಿನ ಭಾಗ ಗ್ರೈಂಡರಿಗೆ ಕೊಡು, ಬಿಸಿ ಆದಂಗ ನೀರಾಗ ಅದ್ದತಿರು. ಅಂಚು ಚೂಪ ಮಾಡಬ್ಯಾಡ, ಸುಮಾರ ಎರಡು ಮಿಲಿಮೀಟರ್ ಅಗಲ ಚಪ್ಪಟಿ ಇರಲಿ, ಹೆಬ್ಬಟ್ಟು ಒತ್ತಿ ಎಳದರೂ ಕೊಯ್ಯಬಾರದು. ಮೂಲಿ ಎಲ್ಲಾ ಉರುಟ ಮಾಡು. ಕಡೀಕ ಎಮರಿ ಕಾಗದ ಹಚ್ಚಿ ಗ್ರೈಂಡರಿನ ಗೆರಿ ಪೂರಾ ತಗೀಬೇಕು, ಇಲ್ಲಂದ್ರ ಅವ ಗೆರಿ ಚರ್ಮದ ಮ್ಯಾಲೆ ಗೀರಾಗಿ ಮೂಡತಾವ. ಸಿಪ್ಪಿ ತಗದ ನೀಲಗಿರಿ ದಿಮ್ಮಿ ಒಂದನ್ನ ಇಳಿಜಾರಾಗಿ ಒರಗಿಸಿ ಅದರ ಮ್ಯಾಲೆ ಚರ್ಮ ಹಾಕಿ ಕತ್ತೀನ ನಿನ್ನ ಕಡೆಯಿಂದ ಮುಂದಕ್ಕ ದೂಡು. ದಿಮ್ಮಿ ಮ್ಯಾಲೆ ಒಂದು ಹರಳು ಇದ್ದರೂ ಅಲ್ಲೇ ತೂತ ಬೀಳತೈತಿ, ಪ್ರತಿ ಸಲ ಒರಸು. ಸುಣ್ಣ ಐತಿ, ಕೈಗೆ ಗ್ಲೌಸ್ ಹಾಕ್ಕೊ.

ತಮಟೆಮನೆ:
ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಒಣ ಚರ್ಮದ ಬಗ್ಗೆ ಹೇಳ್ತೀನಿ, ನಮ್ಮಪ್ಪ ತಮಟೆ ಕಟ್ಟೋರು, ಚಿಕ್ಕವನಿದ್ದಾಗಿಂದ ಪಕ್ಕದಲ್ಲೇ ಕೂತು ನೋಡಿದೀನಿ.

ಮೊದ್ಲು, ತಂಗಡಿ ತೊಗಟೆ ಹಾಕ್ಲೇಬೇಡಿ. ತೊಗಟೆ ಹಾಕಿದ್ರೆ ಚಪ್ಪಲಿ ಚರ್ಮದ ಥರ ಕಂದು ಬಣ್ಣ ಬಂದು ಬೆಳಕು ದಾಟೋದೇ ನಿಂತೋಗುತ್ತೆ. ಗೊಂಬೆಗೆ ಬೇಕಿರೋದು ಹದ ಮಾಡದೆ ಬಿಗಿಯಾಗಿ ಎಳೆದು ಒಣಗಿಸಿದ ಚರ್ಮ. ಸುಣ್ಣ ಹೋಗೋವರೆಗೂ ಚೆನ್ನಾಗಿ ತೊಳೆದು, ಮರದ ಚೌಕಟ್ಟಿಗೆ ಸುತ್ತಲೂ ದಾರದಲ್ಲಿ ಬಿಗಿದು, ನೆರಳಲ್ಲಿ ಒಣಗಿಸಿ.

ಈಗ ನಿಮ್ಮ ತಾತನ ಗರಗಸ. ಅದ್ರ ತಗಡು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂಗೈ ಅಗಲದ ಅರ್ಧಚಂದ್ರ ಕತ್ತರಿಸ್ಕೊಳಿ, ಹಿಡಿಕೆ ನಡುಮಧ್ಯಕ್ಕೆ ಬರ್ಲಿ. ಯಾಕೆ ಅರ್ಧಚಂದ್ರ ಅಂದ್ರೆ ನೆಟ್ಟಗಿರೋ ಅಂಚಾದ್ರೆ ಬಿಗಿದ ಚರ್ಮಕ್ಕೆ ಮೂಲೆ ಚುಚ್ಚುತ್ತೆ, ಇದಕ್ಕೆ ಮೂಲೆನೇ ತಾಗಲ್ಲ (ಯುರೋಪಲ್ಲಿ ಬರೆಯೋಕೆ ಚರ್ಮದ ಹಾಳೆ ಮಾಡ್ತಿದ್ದೋರೂ ಇದೇ ಆಕಾರದ ಕತ್ತಿನೇ ಹಿಡೀತಿದ್ರು). ಅಂಚನ್ನ ಅರದಿಂದ ಚೌಕವಾಗಿ (ಚೂಪಾಗದೆ, ತಗಡಿನ ಮೈಗೆ ಲಂಬವಾಗಿ ಇರೋ ಹಾಗೆ) ಉಜ್ಜಿ, ಸಾಣೆಕಲ್ಲಲ್ಲಿ ನುಣುಪು ಮಾಡಿ, ಆಮೇಲೆ ಹಳೇ ಇಂಜಿನ್ ವಾಲ್ವಿನ ಕಡ್ಡಿ ಸಿಕ್ರೆ ಅದನ್ನ ಅಂಚಿನ ಮೇಲೆ ಒತ್ತಿ ಎಳೀರಿ. ಉಕ್ಕು ಒಂದು ಪಕ್ಕಕ್ಕೆ ಮಡಚಿಕೊಂಡು ಸಣ್ಣ ಕೊಕ್ಕೆ ಏಳುತ್ತೆ, ಕಣ್ಣಿಗೆ ಕಾಣಲ್ಲ, ಉಗುರು ಸವರಿದ್ರೆ ತಡೆಯುತ್ತೆ. ತೆಳು ಮಾಡೋದೆಲ್ಲ ಆ ಕೊಕ್ಕೆನೇ. ಚರ್ಮದ ಹಿಂದೆ ಬಲ್ಬ್ ಇಟ್ಟು ಕಪ್ಪಗಿರೋ ಕಡೆ ಪೆನ್ಸಿಲ್ ಗುರುತು ಹಾಕ್ಕೊಂಡು ಬೆನ್ನಿಂದ ಪಕ್ಕಕ್ಕೆ ಹೆರೀತಾ ಹೋಗಿ, ಹೊಟ್ಟೆ ಭಾಗ ಮುಟ್ಬೇಡಿ. ಪುಡಿ ಏಳುತ್ತೆ, ಮಾಸ್ಕ್ ಹಾಕ್ಕೊಳಿ.

ಹಳೆಶಿಲೆ:
ಕೊನೇಲಿ ನುಣುಪು ಮಾಡೋಕೆ ಮೂಳೆ ಪ್ರಯತ್ನಿಸಿ ನೋಡಿ. ಫ್ರಾನ್ಸಲ್ಲಿ ನಿಯಾಂಡರ್ಥಾಲ್ ಅನ್ನೋ ಆದಿಮಾನವರ ಎರಡು ನೆಲೆಗಳಲ್ಲಿ ಜಿಂಕೆ ಪಕ್ಕೆಲುಬಿನ ತುದಿ ಉರುಟು ಮಾಡಿ ಚರ್ಮ ತೀಡ್ತಿದ್ದ ಸಾಧನಗಳು ಸಿಕ್ಕಿವೆ ಅಂತ 2013ರಲ್ಲಿ ಪ್ರಕಟವಾಯ್ತು, ಸುಮಾರು 50,000 ವರ್ಷ ಹಳೇವು. ನಿಮಗೆ ಮಟನ್ ಅಂಗಡಿ ಪಕ್ಕೆಲುಬೇ ಸಾಕು, ಕುದಿಸಿ ಜಿಡ್ಡು ತೆಗೆದು ತುದಿ ಉಜ್ಜಿಕೊಂಡ್ರಾಯ್ತು.

ನೆರಳುಪರದೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಎರಡೂ ಮಾಡ್ಕೊಂಡೆ, ಹೊಸ ಚರ್ಮಕ್ಕೆ ಒಂದೂ ತೂತು ಬಿದ್ದಿಲ್ಲ. ಅರ್ಧಚಂದ್ರದಲ್ಲಿ ಮೊದಮೊದಲು ಈರುಳ್ಳಿ ಸಿಪ್ಪೆ ಥರ ತೆಳ್ಳಗೆ ಸುರುಳಿ ಬರ್ತಿತ್ತು, ಅರ್ಧ ಗಂಟೆ ಆದ್ಮೇಲೆ ಬರೀ ಪುಡಿ ಬರ್ತಿದೆ, ಜೋರಾಗಿ ಒತ್ತಬೇಕಾ?

ತಮಟೆಮನೆ:
ಒತ್ತಬೇಡಿ, ಒತ್ತಿದ್ರೆ ಹರಿಯುತ್ತೆ. ಪುಡಿ ಬಂದ್ರೆ ಕೊಕ್ಕೆ ಸವೆದಿದೆ ಅಂತ ಅರ್ಥ, ವಾಲ್ವ್ ಕಡ್ಡಿ ಮತ್ತೆ ಎರಡು ಸಲ ಎಳೀರಿ, ಸುರುಳಿ ಬರುತ್ತೆ. ಬೆನ್ನಿನ ಪಟ್ಟೆ ಹೋದ್ಮೇಲೆ ಬಲ್ಬ್ ಎದುರು ಹಿಡಿದು ಒಂದು ಫೋಟೋ ಹಾಕಿ.